ಭಾಷೆ ಕಲಿಸುವುದೂ ಒಂದು ಉದ್ಯೋಗವಲ್ಲವೆ?

ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಯನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮುಂದೇನು?" ವಿಜ್ಞಾನವನ್ನೋ ವಾಣಿಜ್ಯವನ್ನೋ ಓದಿದವನ ಬಳಿ ಈ ಪ್ರಶ್ನೆಗೆ ಏನಾದರೊಂದು ಸಿದ್ಧ ಉತ್ತರವಿರುತ್ತದೆ. ಕಲಾವಿಭಾಗದವನು, ಅದರಲ್ಲಿಯೂ ಐಚ್ಛಿಕ ಕನ್ನಡವನ್ನು ಆರಿಸಿಕೊಂಡವನು, ಸುಮ್ಮನೆ ನಕ್ಕು ಮುಂದೆ ಹೋಗಬೇಕಾಗುತ್ತದೆ. ಬಿ.ಎಡ್. ಮಾಡಿ ನೇಮಕಾತಿಯ ಪ್ರಕಟಣೆಗೆ ಕಾಯುವುದು, ಪೊಲೀಸ್ ಪರೀಕ್ಷೆಗೆ ಮೈದಾನ ಸುತ್ತುವುದು, ಇಲ್ಲವೆ ಬೆಂಗಳೂರಿನ ಬಸ್ಸು ಹತ್ತಿ ಸಿಕ್ಕಿದ ಕೆಲಸಕ್ಕೆ ಸೇರುವುದು, ಈ ಮೂರು ದಾರಿಗಳನ್ನು ಬಿಟ್ಟು ನಾಲ್ಕನೆಯದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೆಯ ದಾರಿಯೊಂದಿದೆ, ಅದನ್ನು ನಾವು ಮರೆತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಗುರುಗಳ ಮತ್ತು ಸಹಪಾಠಿಗಳ ವಿಮರ್ಶೆಗೆ ಒಪ್ಪಿಸುವುದೇ ಈ ಲೇಖನದ ಉದ್ದೇಶ.

ನಾನು ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯವನು. ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯದಿಂದ ನಮ್ಮೂರಿನ ಹೆಸರು ಹೊರಗಿನವರಿಗೆ ಪರಿಚಿತವಾಗಿದೆ. ಆ ಗುಡಿಯ ದ್ವಾರಪಾಲಕರನ್ನು ಕಡೆದ ಮಲ್ಲಿತಮ್ಮನು ಸೋಮನಾಥಪುರದಲ್ಲಿಯೂ ನುಗ್ಗೇಹಳ್ಳಿಯಲ್ಲಿಯೂ ಕೆಲಸ ಮಾಡಿದವನು. ಕಸುಬು ಬಲ್ಲವನು ಕೆಲಸವಿದ್ದಲ್ಲಿಗೆ ಹೋಗಿ ತನ್ನ ಹೆಸರನ್ನು ಕಲ್ಲಿನ ಮೇಲೆ ಬಿಟ್ಟು ಬರುತ್ತಿದ್ದ ಕಾಲವದು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸೊಸೈಟಿಯ ಸಾಲ ತೀರುವ ಮೊದಲೇ ತಂಗಿಯ ಓದಿನ ಖರ್ಚು ಮುಂದೆ ನಿಂತಿದೆ. ಇಂಥ ಮನೆಯಲ್ಲಿ "ಬಿ.ಎ. ಓದಿ ಏನ್ ಮಾಡ್ತೀಯೋ ಮಗಾ?" ಎಂದು ದೊಡ್ಡಪ್ಪ ಕೇಳಿದರೆ ಅದು ಹಾಸ್ಯದ ಮಾತಲ್ಲ, ಮನೆಯ ಲೆಕ್ಕದ ಮಾತು. ಆದುದರಿಂದ ನಾನು ಇಲ್ಲಿ ಹೇಳಹೊರಟಿರುವುದು ಭಾಷಾಭಿಮಾನದ ವಿಚಾರವನ್ನಲ್ಲ, ಹೊಟ್ಟೆಪಾಡಿನ ವಿಚಾರವನ್ನು.

ಮೊದಲು ಒಂದು ದೂರದೇಶದ ಉದಾಹರಣೆಯನ್ನು ನೋಡೋಣ. ಇಂಗ್ಲಿಷನ್ನು ಕಲಿಸಲು ಪರದೇಶದ ತರುಣರು ಜಪಾನಿಗೆ ಹೋಗುವುದು ಬಹುಮಂದಿ ಬಲ್ಲ ಸಂಗತಿ. ಅಲ್ಲಿಯ ಸರ್ಕಾರವು 1987ರಲ್ಲಿ ಆರಂಭಿಸಿದ 'ಜೆಟ್' ಎಂಬ ಯೋಜನೆಯಲ್ಲಿ ಹೊರದೇಶಗಳ ಪದವೀಧರರು ಶಾಲೆಗಳಿಗೆ ಸಹಾಯಕ ಭಾಷಾಬೋಧಕರಾಗಿ ಹೋಗುತ್ತಾರೆ. ಅವರಲ್ಲಿ ಬಹುಪಾಲು ಇಂಗ್ಲಿಷಿನವರು. ಫ್ರೆಂಚ್, ಜರ್ಮನ್, ಚೀನೀ, ಕೊರಿಯನ್ ಭಾಷೆಗಳವರು ತೀರ ಕೆಲವರು. ಹೀಗಿರುವಲ್ಲಿ, ಇಂಗ್ಲಿಷೊಂದನ್ನು ಬಿಟ್ಟು ಫ್ರೆಂಚನ್ನೋ ಜರ್ಮನನ್ನೋ ಕಲಿಸಿ ಅಲ್ಲಿ ಬಾಳುವವರು ಹೇಗೆ ಬಾಳುತ್ತಾರೆ?

ಅವರಿಗೆ ಕೆಲಸ ಸಿಕ್ಕುವ ಕಡೆಗಳು ಮುಖ್ಯವಾಗಿ ಮೂರು. ಮೊದಲನೆಯದು ವಿಶ್ವವಿದ್ಯಾನಿಲಯಗಳು. ಅಲ್ಲಿಯ ವಿದ್ಯಾರ್ಥಿಗಳು ಇಂಗ್ಲಿಷಿನ ಜೊತೆಗೆ ಎರಡನೆಯದೊಂದು ವಿದೇಶೀ ಭಾಷೆಯನ್ನು ಕಲಿಯುವ ಪದ್ಧತಿ ಬಹುಕಾಲದಿಂದ ಇತ್ತು. 1991ರಲ್ಲಿ ವಿಶ್ವವಿದ್ಯಾನಿಲಯಗಳ ನಿಯಮಗಳನ್ನು ಸಡಿಲಿಸಿದ ಮೇಲೆ ಹಲವು ಕಡೆ ಆ ಕಡ್ಡಾಯ ತಪ್ಪಿಹೋಗಿ, ಫ್ರೆಂಚ್ ಮತ್ತು ಜರ್ಮನ್ ತರಗತಿಗಳು ಕಡಮೆಯಾದವು. ಉಳಿದಿರುವ ಕೆಲಸದಲ್ಲಿ ದೊಡ್ಡ ಪಾಲು ತರಗತಿಯ ಲೆಕ್ಕದ ಕೆಲಸ. ಒಂದು ವಿಶ್ವವಿದ್ಯಾನಿಲಯದಲ್ಲಿ ವಾರಕ್ಕೆ ಎರಡು ತರಗತಿ, ಇನ್ನೊಂದರಲ್ಲಿ ಮೂರು, ಹೀಗೆ ರೈಲು ಹತ್ತಿ ಇಳಿದು ತಿಂಗಳ ಸಂಬಳವನ್ನು ಕೂಡಿಸಿಕೊಳ್ಳುವ ಅಧ್ಯಾಪಕರು ಅಲ್ಲಿಯೂ ಇದ್ದಾರೆ. ನಮ್ಮ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಬಾಳನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅದಕ್ಕೂ ಎಂ.ಎ. ಪದವಿಯನ್ನೂ ಪ್ರಕಟವಾದ ಲೇಖನಗಳನ್ನೂ ಕೇಳುವುದು ಅಲ್ಲಿ ರೂಢಿ. ಎರಡನೆಯದು ಭಾಷಾಸಂಸ್ಥೆಗಳು. ಟೋಕಿಯೋ ನಗರದ 'ಅತೆನೆ ಫ್ರಾಂಸೆ' ಎಂಬ ಶಾಲೆ 1913ರಲ್ಲಿ ಸ್ಥಾಪಿತವಾಯಿತು. ಫ್ರಾನ್ಸ್ ಸರ್ಕಾರದ ಆಶ್ರಯದ ಸಂಸ್ಥೆಗಳೂ ಅಲ್ಲಿವೆ. ಮೂರನೆಯದು ಖಾಸಗಿ ಪಾಠ. ಕೆಲಸಕ್ಕೆಂದು ದೇಶದಲ್ಲಿ ನೆಲೆಸಲು ಅಪ್ಪಣೆ ಪಡೆಯುವಾಗ ಸಾಮಾನ್ಯವಾಗಿ ಪದವಿಯೊಂದು ಬೇಕು. ನಾವು ಹಗುರವಾಗಿ ಕಾಣುವ ಬಿ.ಎ. ಪ್ರಮಾಣಪತ್ರಕ್ಕೆ ಅಲ್ಲಿ ಹೀಗೊಂದು ಬೆಲೆಯಿದೆ.

ಫ್ರೆಂಚ್ ಭಾಷೆ ಜಪಾನಿಗೆ ಹೋದದ್ದಾದರೂ ಹೇಗೆ? 1868ರ ಮೈಜಿ ಪರಿವರ್ತನೆಯ ತರುವಾಯ ಆ ದೇಶಕ್ಕೆ ಹೊಸ ನ್ಯಾಯವ್ಯವಸ್ಥೆ ಬೇಕಾಯಿತು. ಬ್ವಸೊನಾದ್ ಎಂಬ ಫ್ರೆಂಚ್ ನ್ಯಾಯಶಾಸ್ತ್ರಜ್ಞರು 1873ರಲ್ಲಿ ಅಲ್ಲಿಗೆ ಹೋಗಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಇದ್ದು, ಕಾನೂನನ್ನು ಕಲಿಸಿದರು, ಕಾನೂನನ್ನು ಬರೆದುಕೊಟ್ಟರು. ವೈದ್ಯಶಾಸ್ತ್ರಕ್ಕಾಗಿ ಜರ್ಮನ್ ಭಾಷೆ ಬೇಕಾಯಿತು. ವಿದ್ಯೆಯೊಂದು ಬೇಕಾದಾಗ ಅದರ ಬೆನ್ನಿಗೆ ಭಾಷೆ ಬಂತು, ಭಾಷೆಯ ಬೆನ್ನಿಗೆ ಮೇಷ್ಟರು ಬಂದರು. ಅನಂತರ ಆ ಮೇಷ್ಟರನ್ನು ಅವರವರ ದೇಶ ಕೈಬಿಡಲಿಲ್ಲ. ಫ್ರೆಂಚರ 'ಅಲಿಯಾನ್ಸ್ ಫ್ರಾಂಸೇಜ್' ಹುಟ್ಟಿದ್ದು 1883ರಲ್ಲಿ, ಜರ್ಮನರ ಗೋಯ್ತೆ ಸಂಸ್ಥೆ 1951ರಲ್ಲಿ, ಜಪಾನ್ ಫೌಂಡೇಷನ್ 1972ರಲ್ಲಿ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದು ನಾವು ಕರೆಯುವುದು ಆ ಗೋಯ್ತೆ ಸಂಸ್ಥೆಯನ್ನೇ. ಪಾಠಪುಸ್ತಕ, ಪರೀಕ್ಷೆ, ಪ್ರಮಾಣಪತ್ರ, ಶಿಕ್ಷಕರ ತರಬೇತಿ ಎಲ್ಲವನ್ನೂ ಈ ಸಂಸ್ಥೆಗಳು ಒದಗಿಸುತ್ತವೆ. ಕಲಿಯುವವನ ಅಗತ್ಯ, ಕಲಿಸುವವನ ತರಬೇತಿ, ಭಾಷೆಯ ಹಿಂದೆ ನಿಲ್ಲುವ ಸರ್ಕಾರ, ಈ ಮೂರೂ ಸೇರಿದಾಗಲೇ ಭಾಷೆ ಕಲಿಸುವುದು ಉದ್ಯೋಗವಾಗುತ್ತದೆಂಬುದನ್ನು ಈ ಉದಾಹರಣೆಯಿಂದ ತಿಳಿಯಬಹುದು.

ಕನ್ನಡಕ್ಕೆ ಇಂಥ ಚರಿತ್ರೆಯೇ ಇಲ್ಲವೆ? ಇದೆ, ಅದೂ ನಮ್ಮ ಜಿಲ್ಲೆಯಲ್ಲಿಯೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಈ ಸೀಮೆಗೆ ಬಂದು, ಜನರ ನಡುವೆ ವಾಸಮಾಡಿ, ಅವರ ಆಚಾರವ್ಯವಹಾರಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದು, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಊರವರ ಮಾತನ್ನು ಕಲಿಯದೆ ಅಂಥ ಗ್ರಂಥವನ್ನು ಬರೆಯುವುದು ಸಾಧ್ಯವೆ? ಯಾರೋ ಒಬ್ಬರು ಅವರಿಗೆ ಮಾತು ಕಲಿಸಿರಬೇಕು. ಕಲಿತವರ ಹೆಸರು ಚರಿತ್ರೆಯಲ್ಲಿ ಉಳಿಯಿತು, ಕಲಿಸಿದವರದು ಉಳಿಯಲಿಲ್ಲ.

ಆದರೆ ಹೆಸರು ಉಳಿಸಿಕೊಂಡವರೂ ಇದ್ದಾರೆ. ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ 1812ರಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ಇಂಗ್ಲಿಷ್ ತರುಣರು ಬೆಂಚಿನ ಮೇಲೆ ಕುಳಿತರೆ, ಪಾಠ ಹೇಳುವವರು ನಮ್ಮ ಪಂಡಿತರು, ಮುನ್ಷಿಗಳು. ಅಂಥ ಕನ್ನಡ ಪಂಡಿತರಲ್ಲಿ ಒಬ್ಬರು ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು. ಅವರು ಬರೆದ 'ಹೊಸಗನ್ನಡ ನುಡಿಗನ್ನಡಿ' ಎಂಬ ವ್ಯಾಕರಣ 1838ರಲ್ಲಿ ಪ್ರಕಟವಾಯಿತು. ಹಳಗನ್ನಡವನ್ನು ಬಿಟ್ಟು, ಜನರು ಆಡಿ ಬರೆಯುವ ಹೊಸಗನ್ನಡಕ್ಕೆ ವ್ಯಾಕರಣ ಬರೆಯಬೇಕೆಂಬ ಆಲೋಚನೆ ಪರಭಾಷೆಯವರಿಗೆ ಕನ್ನಡ ಕಲಿಸುವ ಪರಿಸರದಲ್ಲಿ ಫಲಿಸಿತೆಂಬುದು ಗಮನಿಸತಕ್ಕ ವಿಷಯ. ಹೊರಗಿನವನು "ಹೀಗೇಕೆ? ಹಾಗೇಕೆ?" ಎಂದು ಕೇಳಿದಾಗಲೇ ಒಳಗಿನವನು ತನ್ನ ಮಾತಿನ ಕಟ್ಟನ್ನು ಬಿಚ್ಚಿ ನೋಡುವುದು. 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟಿನ ಹಿಂದೆಯೂ ಇಂಥ ಪಂಡಿತರ ಸಹಾಯವಿತ್ತು. ಅಂದಮೇಲೆ ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಕಸುಬಿಗೆ ಇನ್ನೂರು ವರ್ಷಗಳ ವಯಸ್ಸಾಯಿತು.

ಇಂದಿಗೂ ಈ ಕಸುಬು ನಿಂತಿಲ್ಲ. ಕೃಷ್ಣರಾಜಪೇಟೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವಿದೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಾಲಾಶಿಕ್ಷಕರು ಬಂದು ಹತ್ತು ತಿಂಗಳು ಉಳಿದು ಕನ್ನಡವನ್ನೋ ತಮಿಳನ್ನೋ ತೆಲುಗನ್ನೋ ಮಲಯಾಳವನ್ನೋ ಕಲಿಯುವ ಏರ್ಪಾಡು ದಶಕಗಳಿಂದ ನಡೆದುಬಂದಿದೆ. ಅಕ್ಷರವನ್ನೇ ಅರಿಯದೆ ಬಂದವರು ವರ್ಷ ಕಳೆಯುವುದರೊಳಗೆ ಕನ್ನಡದಲ್ಲಿ ಪತ್ರ ಬರೆಯುತ್ತಾರೆ. ಅಮೆರಿಕದ ವಿದ್ಯಾರ್ಥಿಗಳಿಗೆ ಭಾರತೀಯ ಭಾಷೆಗಳನ್ನು ಕಲಿಸುವ ಸಂಸ್ಥೆಯೊಂದರ ಕನ್ನಡ ತರಗತಿಗಳು ನಡೆದಿರುವುದೂ ಮೈಸೂರಿನಲ್ಲಿಯೇ. ರಾಜ್ಯದಲ್ಲಿ 2015ರ ಕನ್ನಡ ಭಾಷಾ ಕಲಿಕೆಯ ಕಾಯಿದೆಯಿಂದ ಎಲ್ಲ ಬಗೆಯ ಶಾಲೆಗಳಲ್ಲಿಯೂ ಕನ್ನಡ ಪಾಠ ಬೇಕಾಯಿತು. ಆ ಶಾಲೆಗಳಲ್ಲಿ ಮನೆಮಾತು ಕನ್ನಡವಲ್ಲದ ಮಕ್ಕಳೂ ಇದ್ದಾರೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ 2015ರಲ್ಲಿ ಕನ್ನಡ ಪೀಠ ಸ್ಥಾಪಿತವಾಯಿತು. ಕೆಲಸಗಳು ಅನೇಕವೆಂದು ನಾನು ಹೇಳಲಾರೆ. ಇಲ್ಲವೇ ಇಲ್ಲವೆಂದು ಹೇಳುವುದು ಮಾತ್ರ ಸರಿಯಲ್ಲ.

ಇನ್ನು ಬೆಂಗಳೂರು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ಅರ್ಧಕ್ಕಿಂತ ಕಡಮೆ. ಇದನ್ನು ಕುರಿತು ಕೋಪಗೊಳ್ಳುವವರು ಬಹಳ, ಪಾಠ ಹೇಳಲು ಮುಂದಾಗುವವರು ಕೆಲವರು. ಕಳೆದ ಬೇಸಗೆಯ ರಜೆಯಲ್ಲಿ ನಾನು ಅಲ್ಲಿ ಸೋದರಮಾವನ ಮನೆಯಲ್ಲಿದ್ದಾಗ, ಅದೇ ಬೀದಿಯಲ್ಲಿದ್ದ ಉತ್ತರದೇಶದ ದಂಪತಿಗಳಿಗೆ ಎರಡು ತಿಂಗಳು, ವಾರಕ್ಕೆ ಮೂರು ಸಂಜೆ, ಕನ್ನಡ ಹೇಳಿಕೊಟ್ಟೆ. ಅವರು ಮನಸ್ಸಿಟ್ಟು ಕಲಿತರು, ಒಪ್ಪಿದ ಹಣವನ್ನು ಕೊಟ್ಟರು. ಈ ವರ್ಷದ ನನ್ನ ಪರೀಕ್ಷಾಶುಲ್ಕ ಆ ಹಣದಿಂದಲೇ ಸಂದಾಯವಾಯಿತು. ದೊಡ್ಡ ಮೊತ್ತವೇನಲ್ಲ. ಆದರೆ ನಮ್ಮ ಮನೆಯಲ್ಲಿ ಮೈ ದುಡಿಸದೆ, ಕೇವಲ ಕನ್ನಡ ಬಲ್ಲೆನೆಂಬ ಕಾರಣದಿಂದ ಬಂದ ಮೊದಲ ಹಣ ಅದು. ನಮ್ಮಪ್ಪ ಅದನ್ನು ಎರಡು ಸಲ ಎಣಿಸಿದರು.

ಆ ಎರಡು ತಿಂಗಳಲ್ಲಿ ನನಗೆ ಮನವರಿಕೆಯಾದ ಸಂಗತಿಯೆಂದರೆ, ಭಾಷೆ ಬರುವುದು ಬೇರೆ, ಭಾಷೆ ಕಲಿಸುವುದು ಬೇರೆ. ಹಿಂದಿಯವರಿಗೆ 'ನಹೀಂ' ಎಂಬ ಒಂದೇ ಮಾತು ಸಾಕು. ನಮಗೆ 'ಇಲ್ಲ' ಬೇರೆ, 'ಅಲ್ಲ' ಬೇರೆ. "ಇಲ್ಲಿ ನೀರಿಲ್ಲ" ಎಂಬುದಕ್ಕೂ "ಇದು ನೀರಲ್ಲ" ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಹಳ್ಳಿಯ ಮೂರು ವರ್ಷದ ಮಗುವೂ ಬಲ್ಲದು. ಆದರೆ ಅದನ್ನು ದೊಡ್ಡವರಿಗೆ ತಿಳಿಸಿ ಹೇಳುವುದಕ್ಕೆ ಕ್ರಮ ಬೇಕು. ಹಿಂದಿಯಲ್ಲಿ ರೊಟ್ಟಿ ಹೆಣ್ಣು, ಅನ್ನ ಗಂಡು. ಕನ್ನಡದಲ್ಲಿ ಇವೆರಡೂ 'ಅದು'. ಈ ಸೌಲಭ್ಯವನ್ನು ಮೊದಲ ವಾರದಲ್ಲಿಯೇ ತೋರಿಸಿದರೆ ಕಲಿಯುವವನಿಗೆ ಧೈರ್ಯ ಬರುತ್ತದೆ. ಪುಸ್ತಕದ 'ಹೋಗುತ್ತೇನೆ' ಕಲಿಸಬೇಕೆ, ಬೀದಿಯ 'ಹೋಗ್ತೀನಿ' ಕಲಿಸಬೇಕೆ? ಒಂದನೆಯ ತರಗತಿಯ ಮಕ್ಕಳ ಪುಸ್ತಕ ಇದಕ್ಕೆ ಉತ್ತರ ಕೊಡುವುದಿಲ್ಲ. ಏಕೆಂದರೆ ಅದು ಮಾತು ಬಲ್ಲ ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕ. ಇಲ್ಲಿ ಬೇಕಾದದ್ದು ಅಕ್ಷರ ಬಲ್ಲ ದೊಡ್ಡವರಿಗೆ ಮಾತು ಕಲಿಸುವ ಪುಸ್ತಕ. ಬಿ.ಎ. ತರಗತಿಯಲ್ಲಿ ನಾವು ಓದುವ ವ್ಯಾಕರಣ, ಭಾಷಾವಿಜ್ಞಾನಗಳು ಪರೀಕ್ಷೆಯ ಹೊರಗೆ ಉಪಯೋಗಕ್ಕೆ ಬರುವುದು ಇಂಥಲ್ಲಿಯೇ.

ಮತ್ತೆ ಜಪಾನಿನ ಕಡೆಗೆ ಬರೋಣ, ಏಕೆಂದರೆ ಆ ಭಾಷೆಯನ್ನು ಕುರಿತು ನಮ್ಮ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ತಿಳಿಯಬೇಕಾದ ಮಾತೊಂದಿದೆ. ಇಂಗ್ಲಿಷಿನಲ್ಲಿ ಹಿಂದುಳಿದವನು ಇನ್ನಾವ ಪರಭಾಷೆಯಲ್ಲಿಯೂ ಮುಂದೆ ಬರಲಾರನೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. "ನಾನು ನಾಳೆ ಮೈಸೂರಿಗೆ ಹೋಗುತ್ತೇನೆ" ಎಂಬುದನ್ನು ಜಪಾನೀಯರು "ವತಶಿ ವ ಅಶಿತ ಮೈಸೂರು ನಿ ಇಕಿಮಸು" ಎನ್ನುತ್ತಾರೆ. ವತಶಿ ಎಂದರೆ ನಾನು, ಅಶಿತ ಎಂದರೆ ನಾಳೆ, ನಿ ಎಂಬುದು ನಮ್ಮ 'ಗೆ' ಪ್ರತ್ಯಯದ ಸ್ಥಾನದಲ್ಲಿ ನಿಲ್ಲುವ ಮಾತು, ಇಕಿಮಸು ಎಂಬುದು ಕ್ರಿಯಾಪದ. ಪದಗಳ ಸಾಲು ನಮ್ಮದೇ. ಕ್ರಿಯಾಪದ ನಮ್ಮಲ್ಲಿರುವಂತೆ ಕೊನೆಯಲ್ಲಿ ಬರುತ್ತದೆ. "ಬರುತ್ತೇನೆ ಅಂತ ಹೇಳಿದ" ಎನ್ನುವಾಗ ನಾವು 'ಅಂತ' ಎಂಬುದನ್ನು ಎಲ್ಲಿ ಇಡುತ್ತೇವೆಯೋ ಅಲ್ಲಿಯೇ ಅವರು 'ತೊ' ಎಂಬುದನ್ನು ಇಡುತ್ತಾರೆ. ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾರೆ ಎಂಬ ಭೇದವೂ ಅವರಲ್ಲಿಲ್ಲ. ಎಲ್ಲಕ್ಕೂ ಇಕಿಮಸು ಒಂದೇ. ಹಿರಿಯರೊಡನೆ ಒಂದು ಮಾತು, ಗೆಳೆಯರೊಡನೆ ಒಂದು ಮಾತು ಎಂಬ ಮರ್ಯಾದೆ ನಮ್ಮಂತೆ ಅವರಿಗೂ ಉಂಟು. ಅವರ ಅಕ್ಷರಮಾಲೆಯ ಅನುಕ್ರಮವೂ ಬೌದ್ಧರ ಮೂಲಕ ಹೋದ ನಮ್ಮ ದೇಶದ ವರ್ಣಕ್ರಮದ ಪ್ರಭಾವವನ್ನು ಪಡೆದದ್ದು: ಕ, ಸ, ತ, ನ, ಹ, ಮ, ಯ, ರ, ವ. ಇದರಿಂದ ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂದು ಹೇಳುವಂತಿಲ್ಲ. ಓನೋ ಸುಸುಮು ಎಂಬ ವಿದ್ವಾಂಸರು ಜಪಾನೀ ಭಾಷೆಗೂ ತಮಿಳಿಗೂ ಸಂಬಂಧವುಂಟೆಂದು ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ನೆಂಟಸ್ತಿಕೆಯಿರಲಿ ಇಲ್ಲದಿರಲಿ, ನಡಿಗೆ ಒಂದೇ ಬಗೆಯದು. ಕಷ್ಟವಿರುವುದು ಲಿಪಿಯಲ್ಲಿ. ನಿತ್ಯಬಳಕೆಗೆಂದು ಅಲ್ಲಿಯ ಸರ್ಕಾರ ಪಟ್ಟಿಮಾಡಿರುವ ಚೀನೀ ಮೂಲದ ಅಕ್ಷರಗಳೇ 2,136. ಅದಕ್ಕೆ ವರ್ಷಗಟ್ಟಲೆ ಬೆವರು ಸುರಿಸಬೇಕು. ಬೆವರು ನಮಗೆ ಹೊಸತಲ್ಲವಷ್ಟೆ!

ಜಪಾನು ತನ್ನ ಭಾಷೆಯ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ನೋಡಿದರೆ ನಮ್ಮ ಕೊರತೆ ತಾನಾಗಿ ಕಾಣುತ್ತದೆ. 1984ರಿಂದ ಅವರು ಪರದೇಶೀಯರಿಗಾಗಿ ಜಪಾನೀ ಭಾಷಾಸಾಮರ್ಥ್ಯದ ಪರೀಕ್ಷೆಯನ್ನು ನಡೆಸುತ್ತಿದ್ದಾರೆ. 2010ರಿಂದ ಅದಕ್ಕೆ ಐದು ಹಂತಗಳಿವೆ. ಎನ್-5 ಮೊದಲ ಮೆಟ್ಟಿಲು, ಎನ್-1 ಕೊನೆಯದು. ಬೆಂಗಳೂರಿನಲ್ಲಿಯೂ ಆ ಪರೀಕ್ಷೆ ನಡೆಯುತ್ತದೆ. 2017ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳ ಪ್ರಧಾನಿಗಳು ಕೂಡಿದಾಗ, ಐದು ವರ್ಷಗಳಲ್ಲಿ ಭಾರತದ 100 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಜಪಾನೀ ತರಗತಿಗಳನ್ನು ತೆರೆಯುವ ಮತ್ತು 1,000 ಮಂದಿ ಜಪಾನೀ ಶಿಕ್ಷಕರನ್ನು ತರಬೇತುಗೊಳಿಸುವ ಗುರಿಯನ್ನು ಸಾರಿದರು. 2025ರ ಆಗಸ್ಟಿನಲ್ಲಿ ಐದು ವರ್ಷಗಳಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನರ ವಿನಿಮಯವಾಗಬೇಕೆಂದೂ, ಅವರಲ್ಲಿ 50,000 ಮಂದಿ ಕುಶಲ ಭಾರತೀಯರು ಜಪಾನಿಗೆ ಹೋಗಬೇಕೆಂದೂ ಗೊತ್ತುಮಾಡಿದರು. ಹೋಗುವವರು ಭಾಷೆ ಕಲಿಯಬೇಕಷ್ಟೆ. ಅವರಿಗೆ ಕಲಿಸುವವರು ಯಾರು? ಬಿಡದಿಯಲ್ಲಿ ಟೊಯೋಟ ಕಾರ್ಖಾನೆಯ ಕಂಪನಿ ಸ್ಥಾಪಿತವಾದದ್ದು 1997ರಲ್ಲಿ. ಕಾರು ನಮ್ಮ ಜಿಲ್ಲೆಯ ನೆರೆಯಲ್ಲಿ ತಯಾರಾಗಲು ತೊಡಗಿ ಕಾಲು ಶತಮಾನ ಸಂದಿತು. ಆದರೂ ಕನ್ನಡದ ಮೂಲಕ ಜಪಾನೀ ಕಲಿಸುವ ತರಗತಿ ನಮ್ಮಂಥ ತಾಲ್ಲೂಕುಗಳ ಬಾಗಿಲಿಗೆ ಬರಲಿಲ್ಲ. ಕಲಿಯುವವನು ಮೊದಲು ಇಂಗ್ಲಿಷಿನ ಹೊಳೆಯನ್ನು ದಾಟಿ, ಅಲ್ಲಿಂದ ಜಪಾನಿನ ದಡಕ್ಕೆ ಹೋಗಬೇಕು. ನೇರವಾದ ಸೇತುವೆಯಿದ್ದರೆ ಅರ್ಧ ಆಯಾಸ ಉಳಿಯುತ್ತಿತ್ತು.

ಜಪಾನಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕೀತೆ ಎಂದು ಗೆಳೆಯರು ಕೇಳಬಹುದು. ಇರುವುದನ್ನು ಇದ್ದಂತೆ ಹೇಳಬೇಕು. ಟೋಕಿಯೋದಲ್ಲಿ ಹಿಂದೂಸ್ತಾನಿಯ ಬೋಧನೆ 1908ರಷ್ಟು ಹಿಂದೆಯೇ ಆರಂಭವಾಯಿತು. ಇಂದು ಟೋಕಿಯೋ ಮತ್ತು ಒಸಾಕಾಗಳಲ್ಲಿ ಹಿಂದಿ, ಉರ್ದುಗಳ ವಿಭಾಗಗಳಿವೆ. ಕನ್ನಡಕ್ಕೆ ಹಾಗೆ ನೆಲೆಯಾದ ವಿಭಾಗವಿಲ್ಲ. ಆದರೆ ವಿದ್ವತ್ತಿನ ಗೌರವವಿದೆ. 1964ರಲ್ಲಿ ಸ್ಥಾಪಿತವಾದ ಟೋಕಿಯೋದ ಏಷ್ಯಾ ಆಫ್ರಿಕ ಭಾಷಾಸಂಶೋಧನ ಸಂಸ್ಥೆಯಿಂದ 2013ರಲ್ಲಿ ಕನ್ನಡ-ಇಂಗ್ಲಿಷ್ ವ್ಯುತ್ಪತ್ತಿ ನಿಘಂಟೊಂದು ಹೊರಬಂತು. ಅದನ್ನು ರಚಿಸಿದವರು ಉಚಿದಾ ನೊರಿಹಿಕೊ ಮತ್ತು ನಮ್ಮವರೇ ಆದ ಬಿ. ಬಿ. ರಾಜಪುರೋಹಿತ. ಒಬ್ಬ ಜಪಾನೀಯ, ಒಬ್ಬ ಕನ್ನಡಿಗ ಕೂಡಿ ಕನ್ನಡ ಪದಗಳ ಬೇರನ್ನು ಹುಡುಕಿದರೆಂಬುದು ಹೆಮ್ಮೆಯ ವಿಷಯ. ಅದನ್ನೇ ಉದ್ಯೋಗದ ಭರವಸೆಯೆಂದು ತಿಳಿದು ಯಾರೂ ಪಾಸ್‌ಪೋರ್ಟು ಮಾಡಿಸಲು ಓಡಬೇಕಾಗಿಲ್ಲ. ಅಮೆರಿಕದಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಕನ್ನಡ ಸಂಘಗಳವರು ರಜಾದಿನಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಅವರಲ್ಲಿ ಬಹುಮಂದಿ ಬೇರೆ ಉದ್ಯೋಗದಿಂದ ಜೀವಿಸುತ್ತ, ಬಿಡುವಿನಲ್ಲಿ ಸೇವೆಯೆಂದು ಪಾಠ ಹೇಳುವವರು. ಅವರಿಗೆ ನಮಸ್ಕಾರ ಸಲ್ಲಬೇಕು. ಆದರೆ 2011ರ ಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾದ ಭಾಷೆಯ ಬೋಧನೆ ಹೊರನಾಡಿನಲ್ಲಿ ಬಿಡುವಿನ ಸೇವೆಯನ್ನು ನಂಬಿಕೊಂಡೇ ನಿಲ್ಲಬೇಕೆ?

ನನ್ನ ವಾದಕ್ಕೆ ಆಕ್ಷೇಪಣೆಗಳಿವೆ. ಕನ್ನಡವನ್ನು ಹಣ ಕೊಟ್ಟು ಕಲಿಯುವವರು ಯಾರು, ನಾಲ್ಕು ದಿನ ಅಂಗಡಿಗೆ ಹೋದರೆ ತಾನೇ ಬರುತ್ತದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅಂಗಡಿಯ ಕನ್ನಡ ಅಂಗಡಿಗೆ ಸಾಕು. ರೋಗಿಯ ನೋವನ್ನು ಕೇಳಿ ತಿಳಿಯಬೇಕಾದ ದಾದಿಗೆ, ರೈತನಿಗೆ ಸಾಲದ ಕಾಗದ ಓದಿ ಹೇಳಬೇಕಾದ ಬ್ಯಾಂಕಿನ ಅಧಿಕಾರಿಗೆ ಅದು ಸಾಲದು. ನಮ್ಮ ಊರುಗಳ ಬ್ಯಾಂಕುಗಳಲ್ಲಿ ಕನ್ನಡ ಬಾರದ ಅಧಿಕಾರಿಯ ಮುಂದೆ ಸುಮ್ಮನೆ ಹೆಬ್ಬೆಟ್ಟೊತ್ತಿ ಬಂದ ಹಿರಿಯರನ್ನು ನೋಡಿದವರಿಗೆ, ಈ ಪಾಠದ ಬೆಲೆ ಎಷ್ಟೆಂಬುದು ಗೊತ್ತು. ಮಾತೃಭಾಷೆಯನ್ನು ಮಾರಾಟಕ್ಕಿಡುವುದು ಸಲ್ಲದೆಂದು ಮತ್ತೆ ಕೆಲವರು ಹೇಳುತ್ತಾರೆ. ಫ್ರೆಂಚರು ತಮ್ಮ ಭಾಷೆಯನ್ನು ಸಂಬಳ ಪಡೆದು ಕಲಿಸಿದ್ದರಿಂದ ಆ ಭಾಷೆಯ ಗೌರವ ಕಡಮೆಯಾಯಿತೆ? ಪಂಡಿತ ಕೃಷ್ಣಮಾಚಾರ್ಯರು ಮದರಾಸಿನಲ್ಲಿ ವೇತನ ಪಡೆಯುತ್ತಿದ್ದರೆಂದು ಅವರ ವ್ಯಾಕರಣದ ಬೆಲೆ ಕುಗ್ಗಿತೆ? ಹಸಿದ ಪಂಡಿತನಿಂದ ಭಾಷೆಗೂ ಲಾಭವಿಲ್ಲ, ಪಂಡಿತನ ಮನೆಯವರಿಗೂ ಲಾಭವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಲ್ಪಬುದ್ಧಿಗೆ ತೋಚಿದ ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇನೆ. ಮೊದಲನೆಯದಾಗಿ, ಐಚ್ಛಿಕ ಕನ್ನಡದ ಕೊನೆಯ ವರ್ಷದಲ್ಲಿ ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಕ್ರಮವನ್ನು ಕುರಿತ ಸಣ್ಣದೊಂದು ಪ್ರಮಾಣಪತ್ರ ತರಗತಿಯನ್ನು ನಮ್ಮ ಕಾಲೇಜಿನಲ್ಲಿ ತೆರೆಯಬೇಕು. ಮೈಸೂರಿನ ಭಾಷಾ ಸಂಸ್ಥಾನದ ಅನುಭವಿಗಳನ್ನು ಅದಕ್ಕೆ ಬರಮಾಡಿಕೊಳ್ಳಬಹುದು. ಎರಡನೆಯದಾಗಿ, ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಉತ್ತರಪ್ರದೇಶ, ಬಿಹಾರಗಳಿಂದ ಬಂದು ಬೆಲ್ಲ ಕಾಯಿಸುವ ಕೆಲಸಗಾರರಿದ್ದಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಸಂಜೆ ಒಂದು ಗಂಟೆ ಅವರಿಗೆ ಕನ್ನಡ ಹೇಳಿಕೊಟ್ಟರೆ ಅವರಿಗೂ ಉಪಕಾರ, ನಮಗೂ ಪಳಗಿಕೆ. ಮೂರನೆಯದಾಗಿ, ಜಪಾನಿ ಮತ್ತು ಫ್ರೆಂಚ್ ಭಾಷೆಗಳನ್ನು ಕನ್ನಡದ ಮೂಲಕವೇ ಕಲಿಸುವ ಪುಸ್ತಕಗಳನ್ನು ನಮ್ಮ ವಿಶ್ವವಿದ್ಯಾನಿಲಯಗಳು ಸಿದ್ಧಪಡಿಸಬೇಕು. ಇಂದು ಕಲಿಯುವವನೇ ಹತ್ತು ವರ್ಷಗಳ ತರುವಾಯ ಕಲಿಸುವವನಾಗುತ್ತಾನೆ. ನಾಲ್ಕನೆಯದು ಸರ್ಕಾರದ ಕೆಲಸ. ಜಪಾನೀ ಪರೀಕ್ಷೆಯಂತೆ ಕನ್ನಡಕ್ಕೂ ಹಂತಹಂತವಾದ, ದೇಶದ ಎಲ್ಲ ಕಡೆಯೂ ಬೆಲೆಯುಳ್ಳ ಒಂದು ಸಾಮರ್ಥ್ಯಪರೀಕ್ಷೆ ಬೇಕು. ಕನ್ನಡ ಕಲಿಸಲು ಹೊರನಾಡಿಗೆ ಹೋಗುವವರಿಗೆ ತರಬೇತಿಯೂ ಗೊತ್ತಾದ ವೇತನವೂ ಬೇಕು. ಪರೀಕ್ಷೆಯಿದ್ದರೆ ಕಲಿಯುವವರು ಬರುತ್ತಾರೆ, ಕಲಿಯುವವರಿದ್ದರೆ ಕಲಿಸುವವನಿಗೆ ಕೂಲಿ ಹುಟ್ಟುತ್ತದೆ.

ಇವುಗಳಲ್ಲಿ ಕೊನೆಯದು ನಮ್ಮ ಕೈಯಲ್ಲಿಲ್ಲ, ಮೂರನೆಯದಕ್ಕೆ ಕಾಲ ಹಿಡಿಯುತ್ತದೆ. ಮೊದಲಿನ ಎರಡನ್ನು ಮುಂದಿನ ವರ್ಷವೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಒಂದು ಕೊಠಡಿ, ಒಂದು ಕಪ್ಪುಹಲಗೆ, ಮತ್ತು ಗುರುಗಳ ಆಶೀರ್ವಾದ. ಆ ವೇಳೆಗೆ ನಾನು ಈ ಕಾಲೇಜಿನ ವಿದ್ಯಾರ್ಥಿಯಾಗಿರುವುದಿಲ್ಲ. ಆದರೂ ಕರೆದರೆ ಸಂಜೆಯ ಪಾಠಕ್ಕೆ ಕೃಷ್ಣರಾಜಪೇಟೆಯಿಂದ ಬಸ್ಸು ಹತ್ತಿ ಬರಲು ಸಿದ್ಧನಿದ್ದೇನೆ. ನನ್ನ ಹಿಂದೆ ಬರುವ ಮೊದಲ ತಲೆಮಾರಿನ ಪದವೀಧರರಿಗೆ, ಅವರು ತಾಯಿಯಿಂದ ಬಿಟ್ಟಿಯಾಗಿ ಪಡೆದ ಮಾತಿನಲ್ಲಿ ಒಂದು ಕಸುಬು ಅಡಗಿದೆಯೆಂಬುದು ಮೊದಲ ವರ್ಷದಲ್ಲಿಯೇ ತಿಳಿದರೆ ಸಾಕು. "ಮುಂದೇನು?" ಎಂದು ಕೇಳಿದವರಿಗೆ ಅವರು ತಲೆಯೆತ್ತಿ ಉತ್ತರ ಹೇಳಿಯಾರು.